ಅಕ್ಕಿಹಿಟ್ಟಿನ ಅಂಗಡಿಯ ಆಂಟಿ

ಮಕ್ಕಳೇ, ಪರದೇಶದ ಆ ಫ್ಲ್ಯಾಟ್ ಬುಷ್ ಬಡಾವಣೆಯಲ್ಲಿ ನಮ್ಮ ಮನೆಯ ಹತ್ತಿರವಿದ್ದ ಚೀನೀ ಅಂಗಡಿಯ ಆಂಟಿ ಕನ್ನಡಕವನ್ನು ಸದಾ ತಲೆಯ ಮೇಲೆ ಏರಿಸಿಕೊಂಡಿರುತ್ತಿದ್ದರು. ನಾನು ಇಂಗ್ಲಿಷಿನಲ್ಲಿ ತಡವರಿಸಿದಾಗಲೆಲ್ಲ, "ಸ್ಲೋಲಿ, ಸ್ಲೋಲಿ," ಎಂದು ನಗುತ್ತಿದ್ದರು. ಅವರ ಇಂಗ್ಲಿಷೂ ಅಷ್ಟಕ್ಕಷ್ಟೆ.

ನಿಮ್ಮಲ್ಲಿ ಚಿಕ್ಕವನಿಗೆ ಗೋಧಿ ಕೂಡದೆಂದು ಡಾಕ್ಟರು ಹೇಳಿದ ಮೇಲೆ ಅಕ್ಕಿಹಿಟ್ಟು, ಮರಗೆಣಸಿನ ಹಿಟ್ಟು ಎಲ್ಲವನ್ನೂ ಅಲ್ಲಿಂದಲೇ ತರುತ್ತಿದ್ದೆ. ಸೂಪರ್‌ಮಾರ್ಕೆಟ್ಟಿಗಿಂತ ಅಲ್ಲಿ ಬಹಳ ಅಗ್ಗ. ಆದರೂ ಅವನ ಹೊಟ್ಟೆನೋವು ನಿಲ್ಲಲಿಲ್ಲ.

"ಅಮ್ಮಾ, ಆ ಅಗ್ಗದ ಹಿಟ್ಟು ಸಾಕು ಮಾಡು. ಅದ್ರಲ್ಲೇ ಏನೋ ಬೆರ್ಸಿರ್ತಾರೆ," ಎಂದಳು ನಿಮ್ಮಮ್ಮ.

ನಾನು ಅಂಜುತ್ತಲೇ ಹೋಗಿ ಹಿಟ್ಟಿನ ಪೊಟ್ಟಣ ತೋರಿಸಿ, "ಬೇಬಿ, ನೋ ವೀಟ್," ಎಂದು ಹೊಟ್ಟೆ ಹಿಡಿದುಕೊಂಡೆ. ಆಂಟಿ ಸಿಟ್ಟಾಗಲಿಲ್ಲ. "ಯೂ ಬ್ರಿಂಗ್. ಎವೆರಿಥಿಂಗ್," ಎಂದರು.

ರೊಟ್ಟಿಗೆ ಹಾಕುವುದನ್ನೆಲ್ಲ ಚೀಲದಲ್ಲಿ ತುಂಬಿಕೊಂಡು ಹೋದೆ. ಆಂಟಿ ಗಿರಾಕಿಗಳನ್ನು ಕಾಯಿಸಿ, ಕನ್ನಡಕ ಇಳಿಸಿ, ಒಂದೊಂದರ ಸಣ್ಣ ಅಕ್ಷರಗಳನ್ನೂ ಬೆರಳಿಟ್ಟು ಓದಿದರು. ಊರಿನಿಂದ ತಂದಿದ್ದ ಇಂಗಿನ ಡಬ್ಬಿಯ ಮೇಲೆ ಬೆರಳು ನಿಂತಿತು.

"ವೀಟ್!"

ಇಂಗಿಗೆ ಗೋಧಿಹಿಟ್ಟು ಬೆರೆಸುತ್ತಾರೆಂದು ನನಗೆ ಗೊತ್ತೇ ಇರಲಿಲ್ಲ. ಚಿಟಿಕೆ ಇಂಗಿಲ್ಲದೆ ನಾನು ಎಂದೂ ರೊಟ್ಟಿ ಕಲಸಿದವಳಲ್ಲ.

ಇಂಗು ಬಿಟ್ಟೆ, ನಿಧಾನವಾಗಿ ನೋವೂ ಬಿಟ್ಟಿತು. ಒಂದು ಬೆಳಿಗ್ಗೆ ಬಿಸಿ ಅಕ್ಕಿರೊಟ್ಟಿ ಕಟ್ಟಿಕೊಂಡು ಆಂಟಿಯ ಬಳಿಗೆ ಹೋದೆ. ಅವರು ಒಂದು ತುಂಡು ಮುರಿದು, ಕೈಯಲ್ಲೇ ಹಿಡಿದುಕೊಂಡು ಕೇಳಿದರು:

"ಬೇಬಿ ಈಟ್? ಬೇಬಿ ಓಕೆ?"

ನಾನು ಹೂಂ ಎಂದು ತಲೆಯಾಡಿಸಿದ ಮೇಲೆಯೇ ಅದನ್ನು ಬಾಯಿಗಿಟ್ಟರು.