ಹೊಸೆಯದೆ ಉಳಿದ ಎಳೆಗಳು

ಇಂಥದ್ದನ್ನು ಬೇರೆ ಯಾರಾದರೂ ಹೇಳಿದ್ದರೆ ಎದುರಿಗೇ ಅಲ್ಲಗಳೆಯುತ್ತಿದ್ದೆ. ವಿಶ್ವವಿದ್ಯಾಲಯದಲ್ಲಿ ದೆವ್ವ, ಮಾಟ, ಪವಾಡಗಳ ವಿರುದ್ಧ ವೇದಿಕೆ ಹತ್ತಿ ಮಾತನಾಡಿದವಳು ನಾನು. ಅವನ್ನು ಇಂದಿಗೂ ನಂಬುವುದಿಲ್ಲ. ಆದರೆ ನಮ್ಮ ಮಗ್ಗದ ಮೇಲೆ ಕಂಡದ್ದನ್ನು ಏನೆಂದು ಕರೆಯಲಿ?

ಮೊಳಕಾಲ್ಮೂರಿನಲ್ಲಿ ನಮ್ಮದು ರೇಷ್ಮೆ ಸೀರೆ ನೇಯುವ ಮನೆ. ಮಗ್ಗಕ್ಕೆ ಹಾಕಿದ ಹಾಸು, ಎಂದರೆ ಹಲವು ಸೀರೆಗಾಗುವಷ್ಟು ಉದ್ದದ ಎಳೆಗಳು, ಮುಗಿಯದೆ ಬಿಟ್ಟೇಳಬಾರದೆಂಬುದು ನಮ್ಮ ಹಿರಿಯರ ಕಟ್ಟಳೆ. ಎದೆಯಲ್ಲಿ ಗಡ್ಡೆ ಕೈಗೆ ತಗುಲಿದ ಮೇಲೂ ಅವ್ವ ಬಾಯಿಬಿಡದೆ ಮಗ್ಗದಲ್ಲಿದ್ದ ಹಾಸಿನ ಸೀರೆಗಳನ್ನೆಲ್ಲ ನೇಯ್ದು ಮುಗಿಸಿದಳು. ಆಮೇಲೆ ಚಳ್ಳಕೆರೆಯ ವೈದ್ಯರೊಬ್ಬರು ಯಾವ ಪರೀಕ್ಷೆಯನ್ನೂ ಮಾಡಿಸದೆ, "ಕೊಬ್ಬಿನ ಗಡ್ಡೆ, ಏನಾಗಲ್ಲ ಹೋಗಮ್ಮ" ಎಂದು ಮುಲಾಮು ಬರೆದುಕೊಟ್ಟರು. ಅದನ್ನು ಹಚ್ಚುತ್ತಲೇ ಮಳೆಗಾಲ ಕಳೆದು ಬೇಸಿಗೆ ಬಂತು. ಕಟ್ಟಳೆ ಮಾಡಿದವರೂ ಮುಲಾಮು ಬರೆದವರೂ ಉತ್ತರಿಸಲೇಬೇಕು.

ಬೆಂಗಳೂರಿನಲ್ಲಿ ಕೀಮೋ ಆರಂಭವಾಯಿತು. ಬಸ್ಸಿನಲ್ಲಿ ವಾಂತಿಗೆಂದು ಪ್ಲಾಸ್ಟಿಕ್ ಚೀಲ, ಬಾಯಿಹುಣ್ಣಿಗೆಂದು ಫ್ಲಾಸ್ಕಿನಲ್ಲಿ ಆರಿಸಿದ ಗಂಜಿ. ಕೂದಲು ಉದುರಿದಾಗ ಅವ್ವ ಅಳಲಿಲ್ಲ; ಬೆರಳುಗಳು ಜೋಮು ಹಿಡಿದಾಗ ಅತ್ತಳು. ಹಳೆಯ ಹಾಸಿನ ತುದಿಗೆ ಹೊಸ ಹಾಸಿನ ಒಂದೊಂದೇ ಎಳೆಯನ್ನು ಹೊಸೆದು ಕೂಡಿಸಬೇಕು. ಎಳೆ ಬೆರಳಿಗೆ ತಿಳಿಯದವರಿಗೆ ಮಗ್ಗವಿಲ್ಲ.

ಒಂದು ಸಲ ಹೊಸ ಹಾಸನ್ನು ಮಗ್ಗಕ್ಕೆ ತಂದು ಕಟ್ಟಿ, ಎಳೆ ಕೂಡಿಸದೆಯೇ ಕೀಮೋಗೆ ಹೊರಟೆವು. ಅಪ್ಪನೂ ಬಂದದ್ದರಿಂದ ಮನೆಗೆ ಬೀಗ ಬಿತ್ತು. ಕೀಲಿ ಅವ್ವನ ಸೊಂಟದಲ್ಲಿತ್ತು. ಮಧ್ಯಾಹ್ನ, ಬಲಗೈಗೆ ಡ್ರಿಪ್ ಇಳಿಯುತ್ತಿರುವಾಗ, ಅವಳ ಎಡಗೈ ಹೊದಿಕೆಯ ಮೇಲೆ ಏನನ್ನೋ ಹೊಸೆಯುತ್ತಿತ್ತು.

"ಏನವ್ವಾ ಅದು?"

"ಹಾಸು ಕೂಡಿಸ್ತಾ ಇದೀನಿ. ಸುಮ್ನಿರೇ, ಎಳೆ ತಪ್ಪುತ್ತೆ."

"ಇಲ್ಲೆಲ್ಲೈತೆ ಹಾಸು?"

"ಎಂ.ಎ. ಓದಿದೋಳಿಗೆ ಕಾಣಲ್ಲ ಬಿಡು," ಎಂದು ನಕ್ಕಳು.

ಸಂಜೆಯಾದರೂ ಬೆರಳು ನಿಲ್ಲಲಿಲ್ಲ. ನೋಡಲಾರದೆ ಆ ಕೈಯನ್ನು ಬಿಗಿಯಾಗಿ ಹಿಡಿದುಕೊಂಡೆ. "ಇನ್ನೊಂದಿಷ್ಟೇ ಇತ್ತಲ್ಲೇ," ಎಂದಳು.

ಮರುದಿನ ಊರಿಗೆ ಬಂದು ಬೀಗ ತೆಗೆದಾಗ ಇನ್ನೂ ಬಿಸಿಲಿತ್ತು. ಹಾಸು ಕೂಡಿತ್ತು. ನಮ್ಮ ಬೀದಿಯಲ್ಲಿ ಎಲ್ಲರೂ ಬಲಕ್ಕೆ ಹೊಸೆಯುತ್ತಾರೆ. ಇವು ಎಡಕ್ಕೆ ಹೊಸೆದ ಎಳೆಗಳು. ಬೀದಿಯಲ್ಲಿ ಎಡಚಿ ಅವ್ವನೊಬ್ಬಳೇ. ಅಪ್ಪ ಬಗ್ಗಿ ನೋಡಿ, "ನಿಮ್ಮವ್ವಂದೇ ಕೈ" ಎಂದ. ಅಂಚಿನ ಒಂದು ಹಿಡಿ ಎಳೆಗಳು ಮಾತ್ರ ಕೂಡದೆ ಜೋತಾಡುತ್ತಿದ್ದವು. ಅವ್ವ ಅವನ್ನು ಹಿಡಿಯಲು ನೋಡಿದಳು. ಬೆರಳಿಗೆ ಸಿಗಲಿಲ್ಲ.

ಆ ಹಾಸಿನಲ್ಲಿ ಅವಳು ಒಂದು ಸೀರೆಯನ್ನೂ ನೇಯಲಿಲ್ಲ. ಅವಳು ತೀರಿಕೊಂಡ ಮೇಲೆ ಚಳ್ಳಕೆರೆಗೆ ಹೋಗಿ, ಪರೀಕ್ಷೆಯನ್ನು ಏಕೆ ಮಾಡಿಸಲಿಲ್ಲವೆಂದು ಆ ವೈದ್ಯರನ್ನು ಕೇಳಿದೆ. ಅವರು ಹೊರಗೆ ಕಾದಿದ್ದ ಮುಂದಿನ ರೋಗಿಯನ್ನು ಕರೆದರು. ಉತ್ತರ ಬರುವವರೆಗೂ ಕೇಳುತ್ತೇನೆ.

ಮಗ್ಗದ ವಿಷಯವನ್ನು ಯಾರನ್ನು ಕೇಳಬೇಕೆಂದು ತಿಳಿಯದು. ಅಂಚಿನ ಎಳೆಗಳು ಹಾಗೆಯೇ ಜೋತಾಡುತ್ತಿವೆ. ಆ ಸಂಜೆ ನಾನು ಅವಳ ಕೈ ಹಿಡಿಯದೇ ಇದ್ದಿದ್ದರೆ? ಅಲ್ಲಿಂದಾಚೆಗೆ ನನ್ನ ಓದು ಒಂದು ಹೆಜ್ಜೆಯೂ ಬರುವುದಿಲ್ಲ.