ಅಪ್ಪನ ಮಂತ್ರಿಗಿರಿ ಹೋದ ಮರುದಿನ

ಮಕ್ಕಳೇ, ನಾನು ಚಿಕ್ಕವಳಿದ್ದಾಗ, ಅಂದರೆ ನಿಮ್ಮಂತೆ ಮೂರನೆಯ ಇಯತ್ತೆ ಓದುತ್ತಿದ್ದಾಗ, ನನ್ನ ಅಪ್ಪ ಮಂತ್ರಿಯಾಗಿದ್ದರು. ಬ್ಯಾಡಗಿಯ ಶಾಲೆಯಲ್ಲಿ ಮಾಸ್ತರರಾಗಿದ್ದವರು ಶಾಸಕರಾದರು, ಆಮೇಲೆ ಆರೋಗ್ಯ ಖಾತೆ ಅವರ ಕೈಗೆ ಬಂತು. ಅಪ್ಪ ಊರಿಗೆ ಬಂದರೆ ಬೆಳಗಾಗುವುದರೊಳಗೆ ನಮ್ಮ ಅಂಗಳದ ತುಂಬ ಚಪ್ಪಲಿಗಳು, ಬಾಗಿಲಲ್ಲಿ ಬಿಳಿಯ ಸರಕಾರಿ ಕಾರು. ಹಾವು ಕಚ್ಚಿದವರು, ಹೆರಿಗೆ ನೋವಿನವರು ಬಂದರೆ ಅಪ್ಪ ಅದೇ ಕಾರಿನಲ್ಲಿ ಹಾವೇರಿಯ ಆಸ್ಪತ್ರೆಗೆ ಕಳಿಸುತ್ತಿದ್ದರು. ಸುತ್ತಲಿನ ಹಳ್ಳಿಗಳಲ್ಲೆಲ್ಲ ಆ ಕಾರಿನದೇ ಮಾತು.

ಒಂದು ಚಳಿಗಾಲ ಬೆಂಗಳೂರಿನಲ್ಲಿ ಸರಕಾರ ಬಿತ್ತು. ಅಪ್ಪ ಊರಿಗೆ ಬಂದ ದಿನವೇ ಡ್ರೈವರು ನಮಸ್ಕಾರ ಮಾಡಿ ಕಾರು ತೆಗೆದುಕೊಂಡು ಹೋದ. ಮರುದಿನ ಅಂಗಳದಲ್ಲಿ ಒಂದು ಜೊತೆ ಚಪ್ಪಲಿಯೂ ಇರಲಿಲ್ಲ. ಅವ್ವ ತವರಿಗೆ ಹೋಗಿದ್ದಳು. ಅಪ್ಪ, ಅಕ್ಕ ಮತ್ತು ನಾನು ಮೂವರೇ ಚಹಾ ಕುಡಿಯುತ್ತಿದ್ದೆವು. ಮೆಣಸಿನಕಾಯಿ ಸುಗ್ಗಿಯ ದಿನಗಳವು. ಊರ ಗಾಳಿಯಲ್ಲೆಲ್ಲ ಖಾರದ ಘಾಟು.

ಆಗ ಕದರಮಂಡಲಗಿಯ ಹೆಂಗಸೊಬ್ಬಳು ಓಡುತ್ತಲೇ ಒಳಗೆ ಬಂದಳು. ಅವಳ ಹೆಗಲ ಮೇಲೆ ನಾಲ್ಕೈದು ವರ್ಷದ ಮಗಳು. ಮಗುವಿನ ತುಟಿ ನೀಲಿಗಟ್ಟಿತ್ತು, ಕುತ್ತಿಗೆ ಬಾತಿತ್ತು. ಉಸಿರೆಳೆದಾಗೊಮ್ಮೆ ಗರಗಸ ಎಳೆದಂಥ ಸದ್ದು.

“ಯಪ್ಪಾ, ಕೂಸಿಗೆ ಗಂಟಲ ಕಟ್ಟೈತಿ. ಇಲ್ಲಿ ದವಾಖಾನ್ಯಾಗ ಔಷಧ ಇಲ್ಲಂತ, ಲಗೂ ಹಾವೇರಿಗೆ ಒಯ್ಯಿ ಅಂದ್ರು. ನಿಮ್ಮ ಕಾರ್ ಕೊಡ್ರಿ,” ಎಂದಳು.

“ಕಾರು ಹೋತವ್ವಾ, ನಿನ್ನೆನ ಹೋತು,” ಎಂದರು ಅಪ್ಪ.

ಅವಳಿಗೆ ಅದು ಅರ್ಥವೇ ಆಗಲಿಲ್ಲ. “ಎಷ್ಟೊತ್ತಿಗೆ ಬರ್ತೈತ್ರಿ?” ಎಂದು ಕೇಳಿದಳು.

ಅಪ್ಪ ಫೋನಿಗೆ ಓಡಿದರು. ವಾರದ ಹಿಂದೆ ಅವರ ದನಿ ಕೇಳಿದರೆ ಎದ್ದು ನಿಲ್ಲುತ್ತಿದ್ದ ಸಾಹೇಬರೆಲ್ಲ ಅಂದು ಮೀಟಿಂಗಿನಲ್ಲಿದ್ದರು. ಬಸ್ಸು ಆಗಷ್ಟೇ ಹೋಗಿತ್ತು, ಮುಂದಿನದು ಮಧ್ಯಾಹ್ನಕ್ಕೆ. ಅಪ್ಪ ಬರಿಗಾಲಿನಲ್ಲೇ ಮಾರುಕಟ್ಟೆಯ ಕಡೆ ಹೊರಟರು. ಮಗುವನ್ನು ಹೊತ್ತ ತಾಯಿಯ ಜೊತೆ ನಾವೂ ಹಿಂದೆ ಓಡಿದೆವು.

ಅಲ್ಲಿ ಹೊರಡಲು ಸಿದ್ಧವಾಗಿದ್ದದ್ದು ಒಂದೇ ಲಾರಿ. ಅದರ ತುಂಬ ಮೆಣಸಿನಕಾಯಿ ಚೀಲ.

“ಖಾರದ ಗಾಡಿ ಐತ್ರಿ ಸಾಹೇಬ್ರ, ಕೂಸು ತಡೀತೈತೇನ್ರಿ?” ಎಂದ ಚಾಲಕ.

“ಇಲ್ಲೇ ಬಿಟ್ರ ತಡೀತೈತೇನಪ್ಪಾ?” ಎಂದರು ಅಪ್ಪ.

ಮುಂದಿನ ಕ್ಯಾಬಿನ್ನಿನಲ್ಲಿ ಎಲ್ಲರೂ ಒತ್ತಿಕೊಂಡು ಕುಳಿತೆವು. ಲಾರಿ ಕುಲುಕಿದಾಗೊಮ್ಮೆ ಕೆಂಪು ಧೂಳು ಒಳಗೆ ನುಗ್ಗುತ್ತಿತ್ತು. ನಮಗೆಲ್ಲ ಕೆಮ್ಮು, ಕಣ್ಣಲ್ಲಿ ನೀರು. ಅಕ್ಕ ತನ್ನ ದಾವಣಿಯ ಸೆರಗನ್ನು ಹರಿದು, ಚಾಲಕನ ಬಾಟಲಿಯ ನೀರಿನಲ್ಲಿ ಅದ್ದಿ, ಮಗುವಿನ ಮೂಗಿಗೆ ಅಡ್ಡ ಹಿಡಿದಳು. ಮಗು ಕೆಮ್ಮಲೂ ಆಗದೆ ಒದ್ದಾಡುತ್ತಿತ್ತು. ಹೆದ್ದಾರಿ ಸೇರುವ ಹೊತ್ತಿಗೆ ಆ ಗರಗಸದ ಸದ್ದು ನಿಂತುನಿಂತು ಬರತೊಡಗಿತು. ಸದ್ದು ನಿಂತಾಗ ತಾಯಿ ಮಗುವನ್ನು ಅಲುಗಿಸುವಳು, ಮತ್ತೆ ಒಂದು ಉಸಿರು. ಅಪ್ಪನ ಗಂಟಲಿನಿಂದ ಅಳು ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಹಾವೇರಿಯಲ್ಲಿ ಡಾಕ್ಟರು ಮಗುವನ್ನು ನೋಡಿದವರೇ ಎತ್ತಿಕೊಂಡು ಒಳಗೆ ಹೋದರು. ನಾವು ವರಾಂಡದ ನೆಲದ ಮೇಲೆ ಕುಳಿತೆವು. ಬಹಳ ಹೊತ್ತಿನ ಮೇಲೆ ಅಪ್ಪ ಆ ತಾಯಿಗೆ ಹೇಳಿದರು:

“ಬ್ಯಾಡಗಿ ದವಾಖಾನಿಗೆ ಆಂಬ್ಯುಲೆನ್ಸ್ ಕೊಡೂ ಕಾಗದ ನನ್ನ ಟೇಬಲ್ ಮ್ಯಾಲ ಬಂದಿತ್ತವ್ವಾ. ಹೊಸಾ ಕಟ್ಟಡ ಆಗಲಿ, ದೊಡ್ಡ ಸಭಾ ಮಾಡಿ, ನನ್ನ ಕೈಯಾರೆ ಕೊಡೋಣಂತ ಹಂಗ ಇಟ್ಟೆ. ಒಂದು ಸಹಿ ಮಾಡಿದ್ರ ಸಾಕಿತ್ತು.”

ಅವಳು ಅಪ್ಪನ ಮುಖ ನೋಡಿದಳು. “ನನಗ ಅದೇನೂ ತಿಳಿಯೂದಿಲ್ರಿ. ಒಳಗ ಹೋಗಿ ಕೂಸು ಉಸರಾಡಾಕತ್ತೈತೇನು, ಅಷ್ಟು ನೋಡಿ ಬರ್ರಿ,” ಎಂದಳು.

ಡಾಕ್ಟರು ಮಗುವಿನ ಗಂಟಲಿಗೆ ಸಣ್ಣ ತೂತು ಮಾಡಿ ಉಸಿರು ಉಳಿಸಿದ್ದರು. ಮಗು ಬದುಕಿತು. ದನಿ ಮಾತ್ರ ಕೊನೆಗೂ ಸರಿಯಾಗಲಿಲ್ಲ, ಮಾತಾಡಿದರೆ ಪಿಸುಗುಟ್ಟಿದಂತೆ ಕೇಳುತ್ತಿತ್ತು.

ಮುಂದಿನ ಚುನಾವಣೆಯಲ್ಲಿ ಅಪ್ಪ ಸೋತರು. ಮತ್ತೆಂದೂ ನಿಲ್ಲಲಿಲ್ಲ. ಆದರೆ ಆಂಬ್ಯುಲೆನ್ಸಿಗಾಗಿ ಅರ್ಜಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದರು. ಹಿಂದೆ ತಮಗೆ ಕುರ್ಚಿ ಹಾಕುತ್ತಿದ್ದವರ ಬಾಗಿಲ ಹೊರಗೆ ಬೆಂಚಿನ ಮೇಲೆ ದಿನಗಟ್ಟಲೆ ಕಾದರು. ವರ್ಷಗಳ ಮೇಲೆ ಆ ಗಾಡಿ ಬ್ಯಾಡಗಿಗೆ ಬಂತು. ಬೇರೆ ಮಂತ್ರಿಗಳು ರಿಬ್ಬನ್ ಕತ್ತರಿಸಿದರು. ಅಪ್ಪನನ್ನು ಯಾರೂ ಕರೆದಿರಲಿಲ್ಲ. ಅವರು ಜನರ ಹಿಂದೆ ನಿಂತು ನೋಡಿ, ನನ್ನ ಕೈ ಹಿಡಿದು ನಡೆದೇ ಮನೆಗೆ ಬಂದರು.

ಮಕ್ಕಳೇ, ಹೋದ ತಿಂಗಳು ಪಕ್ಕದ ಮನೆಯ ಅಜ್ಜನಿಗೆ ಎದೆನೋವು ಬಂದಾಗ ನೀವೇ ಮೊಬೈಲಿನಲ್ಲಿ ಮೂರು ಅಂಕಿ ಒತ್ತಿದಿರಿ. ಸ್ವಲ್ಪ ಹೊತ್ತಿನಲ್ಲೇ ಗಾಡಿ ಬಂತು. ನಮ್ಮ ಕಾಲದಲ್ಲಿ ಬದುಕಬೇಕಾದರೆ ದೊಡ್ಡವರ ಮನೆಯ ಬಾಗಿಲು ಗೊತ್ತಿರಬೇಕಿತ್ತು, ಆ ದೊಡ್ಡವರು ಅಂದು ಅಧಿಕಾರದಲ್ಲಿಯೂ ಇರಬೇಕಿತ್ತು. ನಿಮ್ಮನ್ನು ಆ ಗಾಡಿಯವರು ಕೇಳಿದ್ದು ಒಂದೇ ಮಾತು: “ಎಲ್ಲಿಗೆ ಬರಬೇಕ್ರಿ?”