ಇಬ್ಬರಿಗೂ ಒಂದೇ ಕನ್ನಡಕ

ನಮ್ಮ ಹರಿಹರದ ಮನೆಯಲ್ಲಿ ಒಬ್ಬ ಸೊಸೆಗೆ ಏನು ಬಂದರೂ ಇನ್ನೊಬ್ಬಳಿಗೂ ಅದೇ ಬರಬೇಕು. ಸೀರೆಯಾದರೆ ಅದೇ ಬಣ್ಣ, ಅದೇ ಅಂಚು. ಭೇದ ಮಾಡಿದರೆ ಮನೆ ಒಡೆಯುತ್ತದೆ ಎಂಬುದು ಅತ್ತೆಯ ಗಟ್ಟಿ ನಂಬಿಕೆ. ಆದರೆ ಒಂದೇ ಸೀರೆಯುಟ್ಟು ನಾನೂ ಮೈದುನನ ಹೆಂಡತಿಯೂ ಅಕ್ಕಪಕ್ಕ ನಿಂತರೆ ಏನಾಗುತ್ತದೆಂದು ಅವರು ಯಾವತ್ತೂ ಯೋಚಿಸಿದವರಲ್ಲ. ನನ್ನ ಓರಗಿತ್ತಿಯದು ಕೋಲುಮುಖ, ನೀಳ ಕತ್ತು. ನನ್ನದು ರೊಟ್ಟಿ ತಟ್ಟಿಟ್ಟಂಥ ದುಂಡು ಮುಖ. ಸೀರೆ ಒಂದೇ ಆದರೂ ಜನ ಅವಳ ಸೆರಗನ್ನೇ ಮುಟ್ಟಿ ನೋಡಿ "ಎಲ್ಲಿ ತಗಂಡ್ರಿ?" ಎಂದು ಕೇಳುತ್ತಿದ್ದರು. ನನಗೆ ಹೊಟ್ಟೆ ಉರಿಯುತ್ತಿತ್ತು.

ಹಾಗಾಗಿ ನನ್ನ ಕಣ್ಣಿಗೆ ದೂರದ್ದು ಮಸುಕು, ಕನ್ನಡಕ ಬೇಕೇ ಬೇಕು ಎಂದು ಡಾಕ್ಟರು ಹೇಳಿದಾಗ ಒಳಗೊಳಗೇ ಹಿಗ್ಗಿದೆ. ಅವಳ ಕಣ್ಣಿಗೆ ಯಾವ ತೊಂದರೆಯೂ ಇರಲಿಲ್ಲ. ಇದೊಂದಾದರೂ ನನ್ನೊಬ್ಬಳದಾಗಬೇಕು, ನನಗೆ ಒಪ್ಪಬೇಕು ಎಂದು ಹಟ ಹಿಡಿದೆ.

ಮೊಬೈಲಿನಲ್ಲಿ ವಿಡಿಯೊಗಳನ್ನು ನೋಡಿ ನೋಡಿ ಪಾಠ ಮಾಡಿಕೊಂಡಿದ್ದೆ. ದುಂಡು ಮುಖಕ್ಕೆ ಗುಂಡು ಫ್ರೇಮು ಆಗದು; ಮೂಲೆಗಳಿರಬೇಕು, ಮುಖಕ್ಕಿಂತ ತುಸು ಅಗಲವಿರಬೇಕು, ಮೇಲಂಚು ದಪ್ಪವಿರಬೇಕು. ದಾವಣಗೆರೆಯ ಅಂಗಡಿಯಲ್ಲಿ ಕನ್ನಡಿಯ ಮುಂದೆ ಕೂತವಳು ಏಳಲೇ ಇಲ್ಲ. ಕೊನೆಗೆ ಅಂಗಡಿಯವನು, "ಅಕ್ಕಾರೆ, ಇನ್ನ ಉಳಿದಿರೋದು ನಾನು ಹಾಕ್ಕಂಡಿರೋದು ಒಂದೇ ನೋಡ್ರಿ" ಎಂದ. ಅಷ್ಟರಲ್ಲಿ ಒಂದು ಮರೂನ್ ಬಣ್ಣದ್ದು ಕೈಗೆ ಬಂತು. ಹಾಕಿಕೊಂಡೆ. ಕೆನ್ನೆಗಳು ಒಳಕ್ಕೆ ಸರಿದವು, ನನಗೂ ಒಂದು ದವಡೆಯಿದೆಯೆಂದು ಗೊತ್ತಾಯಿತು. ಬಸ್ಸಿನ ಕಿಟಕಿಯ ಗಾಜಿನಲ್ಲಿ ನನ್ನನ್ನೇ ನೋಡಿಕೊಳ್ಳುತ್ತಾ ಊರಿಗೆ ಬಂದೆ.

ಅತ್ತೆ ನೋಡಿದರು. "ಚಲೋ ಐತೆ. ಆಕಿಗೆಲ್ಲಿ?"

"ಆಕಿ ಕಣ್ಣು ಸರಿ ಅದಾವಲ್ರಿ, ಅತ್ತಿ."

"ಬರೇ ಗಾಜು ಹಾಕ್ಸಿದ್ರಾತು. ಒಬ್ಬಾಕಿಗೆ ತಂದು ಒಬ್ಬಾಕಿಗೆ ಬಿಟ್ರೆ ನೋಡಿದೋರು ಏನಂತಾರ?"

"ನಂಗ್ಯಾಕ್ರಿ, ಬ್ಯಾಡ" ಎಂದು ಓರಗಿತ್ತಿ ಹೇಳಿದ್ದನ್ನು ಅತ್ತೆ ಕಿವಿಗೆ ಹಾಕಿಕೊಳ್ಳಲಿಲ್ಲ. ಮರುದಿನ ಮೈದುನ ಅದೇ ಅಂಗಡಿಗೆ ಹೋಗಿ, ಅದೇ ಮರೂನ್ ಫ್ರೇಮಿಗೆ ನಂಬರಿಲ್ಲದ ಗಾಜು ಹಾಕಿಸಿಕೊಂಡು ಬಂದ. ಅವಳು ಹಾಕಿಕೊಂಡಳು. ಕೋಲುಮುಖಕ್ಕೆ ಇಂಥದ್ದು ಹೊಂದುವುದಿಲ್ಲ ಎಂದು ವಿಡಿಯೊಗಳು ಹೇಳಿದ್ದವು. ಎಲ್ಲ ಸುಳ್ಳು. ಅವಳು ಟಿವಿಯಲ್ಲಿ ವಾರ್ತೆ ಓದುವವಳ ಹಾಗೆ ಕಂಡಳು. ನಾನು ಅಡುಗೆಮನೆಗೆ ಹೋಗಿ ತೊಳೆದಿದ್ದ ಪಾತ್ರೆಗಳನ್ನೇ ಮತ್ತೆ ತೊಳೆದೆ.

ಮುಂದಿನ ವಾರ ನಂದಿಗುಡಿಯಲ್ಲಿ ನೆಂಟರ ಮನೆಯ ನಿಶ್ಚಿತಾರ್ಥ. ಅತ್ತೆಯ ಅಪ್ಪಣೆಯಂತೆ ಇಬ್ಬರೂ ಕನ್ನಡಕ ಹಾಕಿಕೊಂಡೇ ಹೋದೆವು. ಹೆಂಗಸರು ಅವಳನ್ನು ಸುತ್ತುವರಿದು ಹೊಗಳಿದ್ದಾಯಿತು. ಆಮೇಲೆ ಒಬ್ಬಾಕೆ ನನ್ನತ್ತ ತಿರುಗಿ, "ಆಕೀದು ನೋಡಿ ನೀವೂ ಅಂಥಾದ್ದೇ ತಗಂಡ್ರೇನ್ರಿ?" ಎಂದಳು. ಓರಗಿತ್ತಿಯೇ ಮುಂದೆ ಬಂದು, "ಇಲ್ರಿ, ಅಕ್ಕಾರೇ ಆರ್ಸಿದ್ದು. ನಂದು ಸುಮ್ನೆ ಗಾಜು" ಎಂದಳು. ಒಳ್ಳೆಯತನದಲ್ಲೂ ಅವಳೇ ಮುಂದೆ. ಅವಳು ಸುಮ್ಮನಿದ್ದಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ.

ಊಟಕ್ಕೆ ಮೊದಲು ಫೋಟೊ. "ಗಾಜು ಮಿಂಚ್ತಾವೆ, ಇಬ್ರೂ ತೆಗೀರಿ" ಎಂದ ಫೋಟೊದವನು. ತೆಗೆದೆವು. ಅವಳು ನೆಟ್ಟಗೆ ಕ್ಯಾಮೆರಾ ನೋಡಿದಳು. ನನಗೆ ಎದುರಿನದೆಲ್ಲ ಮಂಜು.

ಆ ಫೋಟೊ ಈಗ ಎಲ್ಲರ ಮೊಬೈಲಿನಲ್ಲೂ ಇದೆ. ಅದರಲ್ಲಿ ಎಲ್ಲರೂ ಮುಂದೆ ನೋಡುತ್ತಿದ್ದಾರೆ, ನಾನೊಬ್ಬಳು ಕತ್ತು ತಿರುಗಿಸಿ ಅವಳ ಮುಖವನ್ನೇ ದಿಟ್ಟಿಸುತ್ತಿದ್ದೇನೆ. ಕನ್ನಡಕವಿಲ್ಲದೆ ನನಗೆ ಹತ್ತಿರದ್ದಷ್ಟೇ ಕಾಣುವುದು, ಅದಕ್ಕೇ ಹಾಗೆ, ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದೇನೆ.